ಹೆಕಟೆಯ ಊಟ ಮತ್ತು ನಮ್ಮ ಹಿತ್ತಲ ನಾಯಿ

ನಮ್ಮ ನಾಯಿಯ ಮೂತಿಗೆ ಕುಂಕುಮ ಹತ್ತಿದ್ದನ್ನು ಮೊದಲು ಕಂಡವಳು ಆಯಿ, ನಮ್ಮಪ್ಪನ ತಾಯಿ. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುವ ಆಯಿ, ಹಿತ್ತಲಿನಿಂದ ಒಳಗೆ ಬಂದ ನಾಯಿಯ ಮುಖದ ಮೇಲಿನ ಕೆಂಪನ್ನು ಪಡಸಾಲೆಯಲ್ಲಿ ಕೂತಲ್ಲಿಂದಲೇ ಗುರುತಿಸಿದಳು. ಅನುಮಾನಕ್ಕೆ ಪೊರೆ ಅಡ್ಡ ಬರುವುದಿಲ್ಲ.

"ಲೇ ಹುಡುಗಿ, ಅದರ ಬಾಯಾಗ ಏನೈತಿ ನೋಡು."

"ಏನಿಲ್ಲ ಆಯಿ. ಎಲ್ಲ್ಯೋ ಮೂತಿ ಹಾಕೇತಿ."

"ಎಲ್ಲ್ಯೋ ಅಂದ್ರ? ಕುಂಕುಮ ಐತದು. ಅನ್ನಕ್ಕ ಕಲಸಿದ್ದ ಕುಂಕುಮ."

ನಾನು ನಾಯಿಯ ದವಡೆ ಹಿಡಿದು ನೋಡಿದೆ. ಮುಧೋಳ ನಾಯಿಯ ಮೂತಿ ಗೊತ್ತಲ್ಲ, ಉದ್ದ, ಸಣ್ಣ, ಎಲ್ಲಿ ಬೇಕಾದರೂ ತೂರುವಂಥದ್ದು. ಒದ್ದೆಯಾಗಿತ್ತು. ಮೀಸೆಯ ಪಕ್ಕದಲ್ಲಿ ಒಂದು ಕೆಂಪು ಅಗುಳು ಅಂಟಿಕೊಂಡಿತ್ತು. ಆಯಿಯ ಮಾತು ಖರೆ ಇತ್ತು. ನನಗೆ ಅದೇ ಸಿಟ್ಟು.

ಒಳಗಿನಿಂದ ಅವ್ವ ಬಂದಳು, ನಾಯಿಯ ಮೂತಿ ನೋಡಿದಳು. ಅವಳ ಕಣ್ಣು ಮೊದಲು ಅಡುಗೆಮನೆಯಲ್ಲಿದ್ದ ವೈನಿಯ ಹೊಟ್ಟೆಯ ಕಡೆಗೂ, ಆಮೇಲೆ ಪಕ್ಕದ ಮನೆಯ ಗೋಡೆಯ ಕಡೆಗೂ ಹೋಯಿತು. ಒಂದು ನೋಟದಲ್ಲಿ ಅವ್ವ ಇಡೀ ಖಟ್ಲೆ ನಡೆಸಿ ತೀರ್ಪು ಬರೆದುಬಿಟ್ಟಿದ್ದಳು.

ವೈನಿ ಅಂದರೆ ನಮ್ಮಣ್ಣನ ಹೆಂಡತಿ. ಬೀಳಗಿ ತಾಲೂಕಿನ ಅನಗವಾಡಿಯವಳು, ಹೊಳೆ ದಂಡೆಯ ಊರಿನಿಂದ ಬನಹಟ್ಟಿಯ ಮಗ್ಗದ ಸದ್ದಿಗೆ ಮದುವೆಯಾಗಿ ಬಂದವಳು. ಮೊದಲ ಬಸಿರು ನಿಂತಿರಲಿಲ್ಲ. ಈಗ ಎರಡನೆಯದು, ಏಳನೆಯ ತಿಂಗಳು. ಕುಬಸದ, ಅಂದರೆ ಸೀಮಂತದ, ದಿನ ಗೊತ್ತುಮಾಡಿ ಆಗಿತ್ತು. ನಾಯಿ ಅವಳ ತವರಿನಿಂದ ಬಂದದ್ದು. ಅವಳ ಅಪ್ಪ ಮುಧೋಳದ ಹತ್ತಿರ ನಾಯಿ ಸಾಕುವವನೊಬ್ಬನಿಂದ ಮರಿ ತಂದು, ಮಗಳಿಗೆ ಹೊಸ ಊರಿನಲ್ಲಿ ಜತೆ ಇರಲಿ ಎಂದು ಕೊಟ್ಟಿದ್ದ. ಮನೆಯಲ್ಲಿ ಯಾರು ಕರೆದರೂ ಕಿವಿ ಅಲ್ಲಾಡಿಸದ ಆ ನಾಯಿ, ವೈನಿ ಎದ್ದರೆ ಏಳುತ್ತದೆ, ಕೂತರೆ ಕೂಡುತ್ತದೆ.

ಪಕ್ಕದ ಮನೆಯಲ್ಲಿ ಇರುವವಳು ಕಾಕು. ರಕ್ತದ ಸಂಬಂಧವಲ್ಲ, ಓಣಿಯ ಸಂಬಂಧ. ಗಂಡ ಪವರ್‌ಲೂಮ್ ನಡೆಸುತ್ತಾನೆ, ಅವಳು ಕಂಡಕಿ ಸುತ್ತುತ್ತಾಳೆ, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲಿನ ಉರುಳೆ ತಯಾರು ಮಾಡುತ್ತಾಳೆ. ಮಕ್ಕಳಿಲ್ಲ. ನಾನು ಕಾಲೇಜಿನ ಚರ್ಚಾ ಸ್ಪರ್ಧೆಗಳಿಗೆ ತಯಾರಾಗುತ್ತಿದ್ದದ್ದು ಅವಳ ಮುಂದೆ. ಅವಳು ರಾಟೆ ತಿರುಗಿಸುತ್ತಲೇ ಕೇಳಿ, ಕೊನೆಗೆ ಒಂದೇ ಮಾತಿನಲ್ಲಿ ನನ್ನ ವಾದಕ್ಕೆ ತೂತು ಹಾಕುತ್ತಿದ್ದಳು. "ಇಷ್ಟೆಲ್ಲಾ ಖರೆ ಇದ್ರ ಒದರೂದ್ಯಾಕಬೇ?" ಎನ್ನುತ್ತಿದ್ದಳು.

ಇತ್ತೀಚೆಗೆ ನಾಯಿ ಅವಳ ಹಿತ್ತಲಿನಿಂದಲೇ ಬರುತ್ತಿತ್ತು. ನಡುವಿನ ಗೋಡೆ ಒಂದು ಕಡೆ ಕುಸಿದಿದೆ. ಆ ಕಡೆಯಿಂದ ಜಿಗಿದು ಬಂದ ನಾಯಿ, ಬಾಯಲ್ಲಿ ನಿವಾಳಿಸಿದ ಅನ್ನ, ಮನೆಯಲ್ಲಿ ಬಸುರಿ, ಪಕ್ಕದಲ್ಲಿ ಮಕ್ಕಳಿಲ್ಲದವಳು. ಅವ್ವ ಮತ್ತು ಆಯಿ ಈ ನಾಲ್ಕನ್ನು ಸೇರಿಸಿ ಕಟ್ಟಿದ ಗಂಟು ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

"ಪುರಾವೆ ಏನೈತಿ?" ಎಂದೆ.

"ನಾಯಿ ಬಾಯಿನಽ ಪುರಾವಿ," ಎಂದಳು ಆಯಿ.

"ನಾಯಿ ಬಾಯಾಗ ಕುಂಕುಮ ಐತಿ ಅಂದ್ರ ನಾಯಿ ತಿಂದೈತಿ ಅಂತ ಅರ್ಥ. ಕಾಕು ಇಟ್ಟಾಳ ಅಂತ ಅರ್ಥ ಅಲ್ಲ. ಇಟ್ಟಿದ್ದಽ ಖರೆ ಅಂದ್ರೂ ತನ್ನ ಗಂಡಗ ನಿವಾಳಿಸಿ ಇಟ್ಟಿರಬಹುದು. ಆಕಿ ಗಂಡಗ ದೃಷ್ಟಿ ಆಗೂದಿಲ್ಲೇನು?"

"ಅವಗ? ಅವನ ಮಾರಿ ನೋಡಿ ದೃಷ್ಟೀನಽ ಹೆದರಿ ಓಡತೈತಿ," ಎಂದು ಆಯಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಕುಬಸಕ್ಕ ಆಕಿನ್ನ ಕರೀಬ್ಯಾಡ್ರಿ."

ಅಷ್ಟೇ. ಬೈಗುಳವಿಲ್ಲ, ಜಗಳವಿಲ್ಲ. ಆದರೆ ನಮ್ಮ ಓಣಿಯಲ್ಲಿ ಕುಬಸಕ್ಕೆ ಕರೆಯುವ ಕುಂಕುಮ ಒಂದು ಮನೆಯನ್ನು ದಾಟಿ ಮುಂದೆ ಹೋಯಿತೆಂದರೆ, ಸಂಜೆಯೊಳಗೆ ಎಲ್ಲರಿಗೂ ಕಾರಣ ಗೊತ್ತಾಗುತ್ತದೆ. ಮುಂದೆ ಯಾರ ಮನೆಯ ಕೂಸು ಸೀನಿದರೂ ಕಾಕುವಿನ ಹೆಸರು ಬರುತ್ತದೆ. ಮಕ್ಕಳಿಲ್ಲದವಳು ಎಂಬ ಮಾತಿನಿಂದ ಮಾಟಗಾತಿ ಎಂಬ ಮಾತಿಗೆ ಬಹಳ ದೂರವಿಲ್ಲ.

ಇದೇ ಹೊತ್ತಿಗೆ ಜಮಖಂಡಿಯ ಕಾಲೇಜಿನಲ್ಲಿ ನನಗೆ ಒಂದು ಪ್ರಬಂಧ ಮಂಡಿಸುವುದಿತ್ತು. ಚರ್ಚೆ ಕಲಿಸಿದ ಸರ್ ಪ್ರಾಚೀನ ಗ್ರೀಕರ ಪುರಾಣಗಳ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ವಿಷಯ ಹಂಚುತ್ತಿದ್ದರು. "ನಿಮ್ಮ ಮನ್ಯಾಗ ಮುಧೋಳ ನಾಯಿ ಐತಲ್ಲವಾ, ನೀ ನಾಯಿ ಮತ್ತ ದೇವತೆಯರ ಸಂಬಂಧ ತಗೋ," ಎಂದರು. ನಮ್ಮ ನಾಯಿಗೂ ಗ್ರೀಸ್ ದೇಶಕ್ಕೂ ಏನು ಸಂಬಂಧ ಎಂದು ಕೇಳಿದರೆ, "ಅದನ್ನಽ ಹುಡುಕು," ಎಂದರು.

ಸಂಬಂಧ ಇದೆ ಎಂದು ಹೇಳುವವನೊಬ್ಬ ನನಗೆ ಆಗಲೇ ಗೊತ್ತಿದ್ದ. ನಾಯಿಗೆ ಸೂಜಿ ಹಾಕಿಸಲು ಅಣ್ಣನ ಜತೆ ಮುಧೋಳಕ್ಕೆ ಹೋಗಿದ್ದಾಗ, ಮರಿ ಕೊಟ್ಟ ಆ ನಾಯಿ ಸಾಕುವವನು ಸಿಕ್ಕು ಎದೆಯುಬ್ಬಿಸಿ ಹೇಳಿದ್ದ.

"ಇದು ಗ್ರೀಕ್ ದ್ಯಾವತಿ ಬ್ಯಾಟಿ ನಾಯಿರಿ. ಅವರ ದಂಡಿನ ಕೂಡ ಬಂದದ್ದು."

"ಯಾರು ನೋಡ್ಯಾರ್ರಿ?"

"ಮೊಬೈಲ್‌ನ್ಯಾಗ ಐತಲ್ಲರಿ."

ಅವನ ಪಕ್ಕದವನು ಅರಬರ ಕುದುರೆಗಳ ಜತೆ ಬಂದದ್ದು ಎಂದ. ಮತ್ತೊಬ್ಬ ಇರಾನ್ ಎಂದ. ಒಂದು ನಾಯಿ ಇಷ್ಟು ಊರಿನಿಂದ ಹೊರಟು ಮುಧೋಳದಲ್ಲಿ ಬಂದು ಇಳಿಯುವುದು ಸಾಧ್ಯವಿಲ್ಲ ಎಂದು ನಾನು ಹೇಳಿದಾಗ ಮೂವರೂ ಒಟ್ಟಾಗಿ ನನ್ನ ಮೇಲೆ ಬಿದ್ದರು. ತಮ್ಮತಮ್ಮಲ್ಲಿ ಇದ್ದ ಜಗಳ ಅವರಿಗೆ ಆಗ ಕಾಣಲೇ ಇಲ್ಲ.

ಅವನು ಹೇಳಿದ ದೇವತೆ ಆರ್ಟೆಮಿಸ್, ಗ್ರೀಕರ ಬೇಟೆಯ ದೇವತೆ. ಕಾಡು, ಬೇಟೆ, ಹೆಣ್ಣುಮಕ್ಕಳ ಹೆರಿಗೆ ಎಲ್ಲ ಅವಳ ಪಾಲು. ಅವಳ ಬೇಟೆನಾಯಿಗಳನ್ನು ಅರ್ಧ ಆಡಿನ ರೂಪದ ಕಾಡುದೇವರೊಬ್ಬ ಕೊಟ್ಟನಂತೆ. ಅವಳು ಸ್ನಾನ ಮಾಡುವುದನ್ನು ನೋಡಿದ ಬೇಟೆಗಾರನನ್ನು ಅವಳು ಚಿಗರಿ ಮಾಡಿಬಿಟ್ಟಳು, ಅವನ ನಾಯಿಗಳೇ ಅವನನ್ನು ಹರಿದು ತಿಂದವು. ಈ ಕತೆಯನ್ನು ನಾನು ಓದಿದ ರೀತಿಗೆ ಸರ್‌ಗೆ ನಗು ಬಂತು. ನೋಡಿದವನು ಒಬ್ಬ, ಶಿಕ್ಷೆ ಕೊಟ್ಟವಳು ಒಬ್ಬಳು, ಬಾಯಿಗೆ ರಕ್ತ ಹತ್ತಿದ್ದು ಮಾತ್ರ ನಾಯಿಗಳಿಗೆ. ಆಯಿ ಅಲ್ಲಿದ್ದಿದ್ದರೆ ನಾಯಿ ಬಾಯಿಯನ್ನೇ ಪುರಾವೆ ಮಾಡುತ್ತಿದ್ದಳು ಎಂದು ನನಗೆ ಅನ್ನಿಸಿತು.

ಇನ್ನೊಬ್ಬಳು ಹೆಕಟೆ. ಇವಳ ವಿಷಯ ಓದುವಾಗ ನನಗೆ ಮೈಯೆಲ್ಲ ಕಿವಿಯಾಯಿತು. ಮೂರು ದಾರಿ ಕೂಡುವ ಜಾಗ ಅವಳದು. ಅವಳು ಬರುವ ಮುಂಚೆ ನಾಯಿಗಳು ಊಳಿಡುತ್ತವೆ. ತಿಂಗಳ ಕೊನೆಗೆ, ಚಂದ್ರ ಇಲ್ಲದ ಹೊತ್ತಿಗೆ, ಜನ ಮೂರು ದಾರಿಯಲ್ಲಿ ಅವಳ ಹೆಸರಿನಲ್ಲಿ ಊಟ ಇಟ್ಟು ಹಿಂದಿರುಗಿ ನೋಡದೆ ಮನೆಗೆ ಬರುತ್ತಿದ್ದರು. ಆ ಊಟವನ್ನು ತಿನ್ನುತ್ತಿದ್ದದ್ದು ನಾಯಿಗಳು, ಮತ್ತು ಹಸಿದವರು. ಅವಳಿಗೆ ನಾಯಿ ಪ್ರೀತಿ ಎಂದು ಹೇಳುತ್ತಲೇ ಅವಳಿಗೆ ಕರಿ ನಾಯಿಯನ್ನು ಬಲಿ ಕೊಡುತ್ತಿದ್ದರು. ನಾಯಿ ಸುಲಭವಾಗಿ ಈಯುತ್ತದೆ ಎಂದು ಹೆರಿಗೆಯ ಇನ್ನೊಬ್ಬ ದೇವತೆಗೂ ನಾಯಿಯನ್ನೇ ಕಡಿಯುತ್ತಿದ್ದರು. ಪ್ರೀತಿ ಅಂದಮೇಲೆ ಕಡಿಯುವುದು ಯಾಕೆ ಎಂದು ನಾನು ಪ್ರಬಂಧದಲ್ಲಿ ಬರೆದೆ. ದೇವತೆಗೆ ಏನು ಪ್ರಿಯ ಎಂಬುದನ್ನು ಯಾವಾಗಲೂ ಚೂರಿ ಹಿಡಿದವರೇ ಹೇಳುತ್ತಾರೆ, ಅದೇ ನನ್ನ ಅನುಮಾನ ಎಂದೂ ಬರೆದೆ.

ಬನಹಟ್ಟಿಗೆ ಬರುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಮಾವಾಸ್ಯೆಗೆ ಆಯಿ ಅಣ್ಣನಿಗೆ ನಿವಾಳಿಸಿ, "ಮೂರು ದಾರಿ ಕೂಡಿದಲ್ಲಿ ಒಗದು ಬಾ, ಹೊಳ್ಳಿ ನೋಡಬ್ಯಾಡ," ಎಂದು ನನ್ನನ್ನು ಕಳಿಸುತ್ತಿದ್ದಳು. ನಾನು ಪ್ರತಿ ಸಲವೂ ಬೇಕೆಂದೇ ಹೊಳ್ಳಿ ನೋಡುತ್ತಿದ್ದೆ. ಪ್ರತಿ ಸಲವೂ ಒಂದು ನಾಯಿ ತಿನ್ನುತ್ತಿರುತ್ತಿತ್ತು. ಹಾಗಂತ ಗ್ರೀಕರು ನಮ್ಮಿಂದ ಕಲಿತರೆಂದಾಗಲಿ ನಾವು ಅವರಿಂದ ಕಲಿತೆವೆಂದಾಗಲಿ ನಾನು ಹೇಳುವುದಿಲ್ಲ. ದಾರಿ ಇದ್ದಲ್ಲಿ ನಾಯಿ ಇರುತ್ತದೆ, ಹೆದರಿಕೆ ಇದ್ದಲ್ಲಿ ಅನ್ನ ಚೆಲ್ಲುತ್ತಾರೆ. ಅಷ್ಟಕ್ಕೆ ದಂಡು ಬರಬೇಕಿಲ್ಲ.

ಕಾಕುವನ್ನು ನಾನು ಪೂರ್ತಿ ನಂಬಿದ್ದೆ ಎಂದು ತಿಳಿಯಬೇಡಿ. ಎರಡೂ ಕಡೆಯಿಂದ ವಾದ ಮಾಡುವುದನ್ನು ಕಲಿತವರಿಗೆ ಯಾವ ಕಡೆಯೂ ಪೂರ್ತಿ ನಂಬಿಕೆ ಹುಟ್ಟುವುದಿಲ್ಲ. ಅದಕ್ಕೇ ನೇರ ಅವಳ ಹಿತ್ತಲಿಗೆ ಹೋದೆ. ಕಾಕು ಆಡಿಗೆ ನೀರಿಡುವ ಕಲ್ಲಿನ ದೋಣಿಯ ಮುಂದೆ ನಿಂತಿದ್ದಳು. ಎಂದಿನಂತೆ "ಬಾಬೇ ವಕೀಲಿ" ಎನ್ನಲಿಲ್ಲ. ನನ್ನನ್ನೇ ನೋಡುತ್ತ ದೋಣಿಯ ನೀರನ್ನೆಲ್ಲ ಬೊಗಸೆಯಲ್ಲಿ ಎತ್ತಿ ನಮ್ಮ ಹಿತ್ತಲ ಕಡೆ ಎರಚಿದಳು.

"ನಿಮ್ಮದು ನಿಮಗಽ ಇರಲಿ," ಎಂದಳು. "ನಿಮ್ಮವ್ವಗ ಹೇಳು, ನಾ ಏನೂ ತಿಳೀದಾಕಿ ಅಲ್ಲ."

"ಏನು ತಿಳದೈತಿ ಕಾಕು?"

"ಹೋಗ, ಹೋಗ. ದೊಡ್ಡ ಸಾಲಿ ಕಲತೀದಿ, ನಿನಗ ನಾ ಹೇಳಬೇಕೇನು?"

ಬಾಗಿಲು ಹಾಕಿಕೊಂಡಳು. ನಾನು ಅಲ್ಲೇ ನಿಂತೆ. ಇಲ್ಲಿಯವರೆಗೆ ಅವಳ ಪರ ವಾದಿಸುತ್ತಿದ್ದ ನನಗೂ ಈಗ ಅನುಮಾನ ಹುಟ್ಟಿತು. ತಪ್ಪು ಮಾಡದವಳು ನೀರು ಯಾಕೆ ಚೆಲ್ಲುತ್ತಾಳೆ? ಅಂದು ರಾತ್ರಿ ಊಟಕ್ಕೆ ಕೂತಾಗ ಆಯಿ ನನ್ನ ಮುಖ ನೋಡಿ, "ಯಾಕ, ಪುರಾವಿ ಸಿಕ್ಕಿತೇನು?" ಎಂದಳು. ನಾನು ರೊಟ್ಟಿ ಮುರಿಯುತ್ತ ಕೂತೆ.

ಈ ಒಗಟಿನ ಬಾಗಿಲು ತೆರೆದದ್ದು ಒಂದು ಗ್ರೀಕ್ ಪದ್ಧತಿ. ಮೈಲಿಗೆ ಹತ್ತಿದ ಮನುಷ್ಯನ ಮೈಗೆ ನಾಯಿಮರಿಯನ್ನು ಸುತ್ತ ಒರೆಸಿ, ಆ ಮರಿಯನ್ನು ಹೊರಗೆ ಒಯ್ದು ಹೆಕಟೆಗೆ ಕೊಡುತ್ತಿದ್ದರಂತೆ. ಮನುಷ್ಯನ ಕೇಡು ನಾಯಿಯ ಮೈಗೆ. ಗ್ರಂಥಾಲಯದಲ್ಲಿ ಅದನ್ನು ಓದಿ, ಮೂರು ದಾರಿಗೆ ಹೋಗಲಾರದವರು ಏನು ಮಾಡುತ್ತಿದ್ದರು ಎಂದು ಕೇಳಿಕೊಂಡೆ. ಆ ಕೂಡಲೇ ಪ್ರಶ್ನೆ ಗ್ರೀಸ್ ಬಿಟ್ಟು ನಮ್ಮ ಓಣಿಗೆ ಬಂತು. ನಮ್ಮ ಮನೆಯಲ್ಲಿ ಮೂರು ದಾರಿಗೆ ಹೋಗಲಾರದವರು ಯಾರು? ಬಸುರಿ ಅಲ್ಲಿ ಕಾಲಿಡಬಾರದು ಎಂದು ಆಯಿ ವೈನಿಯನ್ನು ಆ ಕಡೆಯ ಅಂಗಡಿಗೂ ಬಿಡುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ನಮ್ಮ ಓಣಿಯಲ್ಲಿ ಮಗ್ಗಗಳೆಲ್ಲ ಒಮ್ಮೆಗೇ ನಿಂತಾಗ ಮಾತ್ರ ಜನರ ಪಿಸುಮಾತು ಕೇಳಿಸುತ್ತದೆ. ಹಿತ್ತಲ ಬಚ್ಚಲಿನ ಹಿಂದಿನಿಂದ ದನಿ ಬರುತ್ತಿತ್ತು. ಹೋಗಿ ನೋಡಿದರೆ ವೈನಿ ಕುಸಿದ ಗೋಡೆಯ ಹತ್ತಿರ ನಿಂತು, ಎಲೆಯ ಮೇಲಿನ ಕೆಂಪು ಅನ್ನವನ್ನು ತಲೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಪಾದಕ್ಕೆ ಇಳಿಸುತ್ತಿದ್ದಳು. ಕೊನೆಗೆ ಎಲೆಯನ್ನು ನಾಯಿಯ ಮುಂದಿಟ್ಟು ಮುಖ ತಿರುಗಿಸಿದಳು. ತಿರುಗಿದ ಕಡೆ ನಾನಿದ್ದೆ.

ನಾಯಿ ಗಬಗಬ ತಿಂದು ಗೋಡೆ ಜಿಗಿದು ಹೋಗಿ ಕಾಕುವಿನ ದೋಣಿಯಲ್ಲಿ ನೀರು ಕುಡಿಯಿತು. ಸ್ವಚ್ಛ ನೀರು ಕೆಂಪಗಾಯಿತು. ಒಂದೆರಡು ಅಗುಳು ತೇಲಿದವು. ಆಮೇಲೆ ಒದ್ದೆ ಮೂತಿಯೊಂದಿಗೆ ಹೊಳ್ಳಿ ಜಿಗಿದು ನಮ್ಮ ಕಡೆಗೆ ಬಂತು.

"ವೈನಿ, ಇದೇನಿದು?"

"ಮೂರು ದಾರಿಗೆ ಹೋಗಾಕ ಬಿಡ್ತೀರೇನು ನನ್ನ?"

"ನನಗ ಹೇಳಿದ್ರ ನಾ ಒಗದು ಬರತಿದ್ದೆ."

"ನಿನಗ ಹೇಳಿದ್ರ ನೀ ಭಾಷಣ ಮಾಡತಿದ್ದಿ."

ಆಯಿಗೆ ಹೇಳಬಹುದಿತ್ತಲ್ಲ, ನಿವಾಳಿಸುವುದು ಆಕೆಯ ಕೈಯಲ್ಲೇ ಇದೆಯಲ್ಲ ಎಂದೆ. ವೈನಿ ಸೆರಗಿನ ತುದಿ ತಿರುವಿದಳು.

"ಆಯಿದಽ ಕಣ್ಣು ತಂಗಿ. ಹೋದ ಸಲ ಆಯಿ 'ಹೊಟ್ಟಿ ಛಲೋ ಬಂದೈತಿ' ಅಂದ್ರು. ಅವತ್ತಽ ರಾತ್ರಿ ನೋವು ಸುರು ಆತು. ಈ ಸಲಾನೂ ಹಂಗಽ ಅಂದ್ರು. ಅವರ ಕಣ್ಣು ತಗಿಯಾಕ ಅವರನ್ನಽ ಕರೀಲೇನು?"

ನಗು ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡೆ. ಅವಳು ನಿಜಕ್ಕೂ ಹೆದರಿದ್ದಳು, ಅದಕ್ಕೇ ದಿನಾ ಮಧ್ಯಾಹ್ನ ಹೀಗೆ ನಿವಾಳಿಸುತ್ತಿದ್ದಳು.

"ಕಾಕುನ ಹೆಸರು ಹಾಳಾಗಾಕತ್ತೇತಿ ವೈನಿ."

"ಗೊತ್ತೈತಿ."

"ಮನ್ಯಾಗ ನಾ ಹೇಳಲಿ?"

"ನೀ ಹೇಳಿದ್ರ ನೀ ಗೆಲ್ಲತಿ," ಎಂದಳು ವೈನಿ. "ಗೆದ್ದು ಜಮಖಂಡಿ ಬಸ್ ಹತ್ತತಿ. ಆಯಿ ಕೂಡ ಇಲ್ಲೆ ಬಾಳೇವು ಮಾಡಾಕಿ ನಾನು. ಮತ್ತ ಈ ನಾಯೀನೂ ಕಳಸ್ತಾರ."

ಚರ್ಚೆಯಲ್ಲಿ ಎದುರಾಳಿ ಸತ್ಯ ಒಪ್ಪಿಕೊಂಡರೆ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಒಪ್ಪಿಕೊಂಡ ಮೇಲೇ ಸುರುವಾಯಿತು. ನಾನು ಬಾಯಿ ತೆರೆದರೆ ಕಾಕು ಉಳಿಯುತ್ತಾಳೆ, ವೈನಿ ಸಿಕ್ಕಿಬೀಳುತ್ತಾಳೆ. ಸುಮ್ಮನಿದ್ದರೆ ಉಲ್ಟಾ. ಕುಬಸದ ಹಿಂದಿನ ದಿನದವರೆಗೆ ನಾನು ವೈನಿಯ ಮುಖ ನೋಡುತ್ತ, ವೈನಿ ನನ್ನ ಬಾಯಿ ನೋಡುತ್ತ ಕಳೆದೆವು. ಅವಳು ನನ್ನನ್ನು ನಂಬಿರಲಿಲ್ಲ. ನಾನೂ ನನ್ನನ್ನು ನಂಬಿರಲಿಲ್ಲ.

ಆ ದಿನ ಅವ್ವ ಹೊಸ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದು, ಓಣಿಯನ್ನು ಕರೆಯಲು ಹೊರಟಳು. "ಈ ಕಡೆಯಿಂದ ಸುರು ಮಾಡತೇನಿ," ಎಂದಳು. ಕಾಕುವಿನ ಮನೆ ಆ ಕಡೆ. ಆಯಿ ತಲೆಯಾಡಿಸಿದಳು.

ವೈನಿ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಎಲೆ, ಎಲೆಯಲ್ಲಿ ಅನ್ನ. ಅವ್ವನ ಭರಣಿಗೇ ಬೆರಳದ್ದಿ ಕುಂಕುಮ ತೆಗೆದು ಅನ್ನಕ್ಕೆ ಕಲಸಿದಳು. ಪಡಸಾಲೆಯ ನಡುವೆ ನಿಂತು, ಎಲ್ಲರ ಮುಂದೆ, ತಲೆಯಿಂದ ಪಾದಕ್ಕೆ ಇಳಿಸಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೋಗೋರ ಕಣ್ಣು, ಬರೋರ ಕಣ್ಣು, ಹೊರಗಿನವರ ಕಣ್ಣು, ಮನ್ಯಾನವರ ಕಣ್ಣು." ಎಲೆಯನ್ನು ಕೆಳಗಿಟ್ಟಳು. ನಾಯಿ ಬಂದು ತಿಂದಿತು. ಮೂತಿ ಕೆಂಪಾಯಿತು.

ಯಾರಿಗೂ ವಿವರಣೆ ಬೇಕಾಗಲಿಲ್ಲ. ಅವ್ವ ಭರಣಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆದರೆ ಆಯಿಯನ್ನು ಏಮಾರಿಸುವುದು ಕಷ್ಟ.

"ಮನ್ಯಾನವರ ಕಣ್ಣು ಅಂದ್ಯಲ್ಲ, ಯಾರಬೇ ಅದು?"

ವೈನಿ ನೆಲ ನೋಡಿದಳು.

"ನಂದು ಆಯಿ," ಎಂದೆ.

"ಏನು?"

"ನನ್ನ ಕಣ್ಣು. ನನ್ನ ಕಣ್ಣು ಕೆಟ್ಟ ಐತಿ ಅಂತ ಸಣ್ಣಾಕಿ ಇದ್ದಾಗಿಂದ ನೀನಽ ಅಂತಿದ್ದಿಲ್ಲ? ನಾನಽ ದಿನಾ ವೈನಿ ಹೊಟ್ಟಿ ನೋಡಿ ದೊಡ್ಡದಾತು ದೊಡ್ಡದಾತು ಅಂತಿದ್ದೆ. ಆಕಿಗೆ ಹೆದರಿಕಿ ಆಗೇತಿ."

ಜೀವನದಲ್ಲಿ ಅಷ್ಟು ಪೊಳ್ಳು ವಾದವನ್ನು ನಾನು ಯಾವ ವೇದಿಕೆಯಲ್ಲೂ ಮಾಡಿಲ್ಲ. ದೃಷ್ಟಿ ಎಂಬುದೇ ಇಲ್ಲ ಎಂದು ಈ ಮನೆಯಲ್ಲಿ ವರ್ಷಗಟ್ಟಲೆ ಒದರಿದವಳು ನಾನು. ಆಯಿ ನನ್ನನ್ನು ನೋಡಿದಳು, ವೈನಿಯನ್ನು ನೋಡಿದಳು. ನಂಬಿದಳು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. "ಅದಕ್ಕಽ ಅಂತಿದ್ನಿ," ಎಂದಳು ಕೊನೆಗೆ. "ಸಾಲಿ ಕಲತವರ ಕಣ್ಣು ಭಾಳ ಕೆಟ್ಟ." ಆಮೇಲೆ ಅವ್ವನ ಕಡೆ ತಿರುಗಿ, "ನಿಂತು ಏನು ನೋಡತಿ? ಆ ಕಡಿಯಿಂದ ಸುರು ಮಾಡು."

ಅವ್ವನ ಹಿಂದೆ ನಾನೂ ಹೋದೆ. ಕಾಕು ಬಾಗಿಲು ತೆರೆದು ಭರಣಿ ನೋಡಿದಳು, ಸರಿದು ದಾರಿ ಕೊಡಲಿಲ್ಲ. ಅವ್ವ ತಡವರಿಸುತ್ತ ನಾಯಿಯ ವಿಷಯ, ಅನ್ನದ ವಿಷಯ ಎಲ್ಲ ಹೇಳಿದಳು. ಕಾಕುವಿನ ಮುಖ ಮೊದಲು ಬಿಗಿಯಿತು, ಆಮೇಲೆ ಬಿಚ್ಚಿತು.

"ಅಂದ್ರ ನನ್ನ ದೋಣ್ಯಾಗ ಕೆಂಪ ನೀರು ಮಾಡತಿದ್ದದ್ದು ನಿಮ್ಮ ನಾಯಿ?"

"ಹೂಂ."

"ನೀವು ಮಾಟ ಮಾಡಿ ಒಗಿಯಾಕತ್ತೀರಿ ಅಂತ ನಾ ತೇರದಾಳದ ಕಡೆ ಮೈಯಾಗ ದೇವರು ಬರೂ ಒಬ್ಬಾಕಿ ಹತ್ರ ಹೇಳಿಕಿ ಕೇಳಾಕ ಹೋಗಿದ್ನಿ."

"ನಮ್ಮ ಮ್ಯಾಲ?" ಅವ್ವನ ಕಣ್ಣು ದೊಡ್ಡವಾದವು.

"ಮತ್ಯಾರ ಮ್ಯಾಲ? ಆಕಿ ನಿಮ್ಮ ಮನಿ ದಿಕ್ಕಽ ತೋರಿಸಿದ್ಲು."

ಅವ್ವನಿಗೆ ಅವಮಾನವಾಗಿತ್ತು. ನಾವು ಅವಳನ್ನು ಅನುಮಾನಿಸಿದ್ದು ಸಹಜ, ಅವಳು ನಮ್ಮನ್ನು ಅನುಮಾನಿಸಿದ್ದು ಅನ್ಯಾಯ ಎಂಬಂತೆ ಅವಳ ಮುಖ ಇತ್ತು. ಕಾಕು ಅವ್ವನ ಕೈಗೆ ಹಣೆ ಕೊಡಲಿಲ್ಲ. ತಾನೇ ಭರಣಿಗೆ ಬೆರಳು ಹಾಕಿ, ಕುಂಕುಮವನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ, ಹಚ್ಚಿಕೊಂಡಳು. "ಬರತೇನಿ. ಆದ್ರ ಮೂಲ್ಯಾಗ ಕೂಡಾಕ ಬರೂದಿಲ್ಲ," ಎಂದಳು.

ಬಂದಳು. ಕುಬಸದ ದಿನ ವೈನಿ ಹಸಿರು ಸೀರೆ, ಹಸಿರು ಬಳೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಅವಳ ಉಡಿ ತುಂಬುತ್ತಿದ್ದರು. ಕಾಕು ತನ್ನ ಮನೆಯಿಂದಲೇ ತಾಟಿನಲ್ಲಿ ಅಕ್ಕಿ ತಂದಿದ್ದಳು. ಅವಳು ಮುಂದೆ ಬಂದಾಗ ಹಾಡುತ್ತಿದ್ದವರ ದನಿ ಇಳಿಯಿತು. ಎಲ್ಲರ ಕಣ್ಣು ತಾಟಿನ ಮೇಲೆ. ನನ್ನದೂ.

ಕಾಕು ಬಗ್ಗಲಿಲ್ಲ. ತಾಟನ್ನು ಮೊದಲು ಆಯಿಯ ಮುಂದೆ ಹಿಡಿದಳು.

"ನೋಡ್ರಿ ಆಯಿ. ಬೆಳ್ಳಗ ಐತಿ ಇಲ್ಲ? ಬೇಕಾದ್ರ ಕೈ ಹಾಕಿ ನೋಡ್ರಿ."

ಬೇರೆ ಯಾರಾದರೂ ಆಗಿದ್ದರೆ ನಾಚಿ, "ಅಯ್ಯ, ಹೋಗವಾ" ಎನ್ನುತ್ತಿದ್ದರು. ಆಯಿ ಬಳೆ ಮೇಲಕ್ಕೆ ಸರಿಸಿ, ನಿಜಕ್ಕೂ ಕೈ ಹಾಕಿ, ತಳದವರೆಗೆ ತಿರುವಿ ನೋಡಿದಳು. ಒಂದು ಕಾಳು ಬಾಯಿಗೂ ಹಾಕಿಕೊಂಡಳು.

"ಹಳೇ ಅಕ್ಕಿ," ಎಂದಳು. "ತುಂಬು."

ಕಾಕು ವೈನಿಯ ಉಡಿ ತುಂಬಿದಳು. ವೈನಿ ಬಗ್ಗಿ ಅವಳ ಕಾಲು ಮುಟ್ಟಿದಳು, ಕೈ ತೆಗೆಯಲು ತುಸು ತಡ ಮಾಡಿದಳು. ಕಾಕು ಎದ್ದು, ಸೆರಗು ಹೊದ್ದು, ಅಡುಗೆಮನೆಯಲ್ಲಿ ಬಡಿಸಲು ಮುಚ್ಚಿಟ್ಟಿದ್ದ ಹೋಳಿಗೆಯ ಬುಟ್ಟಿಯ ಹತ್ತಿರ ಹೋಗಿ ನಿಂತಳು.

"ಈಗ ನಿಮ್ಮದು ತಗೀರಿ," ಎಂದಳು. "ನಾನೂ ನೋಡಿಽ ತಿನ್ನಾಕಿ."